ಕಾಡುಗೋಡಿಯ ಒಂಬತ್ತು ಡಿಗ್ರಿ

ಎರಡು ಸಾವಿರದ ಹದಿಮೂರರ ಏಪ್ರಿಲ್ ತಿಂಗಳಲ್ಲಿ ಕಾಡುಗೋಡಿಯ ಬಿಸಿಲನ್ನು ಒಂಬತ್ತು ಡಿಗ್ರಿ ಕೆಳಗಿಳಿಸಿದವನು ನಾನು. ಒಬ್ಬನೇ, ಏಣಿ ಕೂಡ ಇಲ್ಲದೆ. ಆ ತಿಂಗಳು ಹೊಸಕೋಟೆ ಕಡೆಯಿಂದ ಏರಿ ಬರುತ್ತಿದ್ದ ಸೂರ್ಯ ನಮ್ಮ ಮನೆ ಸಮೀಪಿಸಿದ ಕೂಡಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಸದ್ದು ಮಾಡದೆ ದಾಟಿ, ಹೂಡಿ ತಲುಪಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದ. ಸುಳ್ಳು ಅನ್ನುವವರು ವಿಶ್ವವಿದ್ಯಾಲಯದ ಕಂಪ್ಯೂಟರನ್ನು ಕೇಳಲಿ. ಹೊರಗೆ ಮೂವತ್ತಾರು, ಕೊಟ್ರೇಶನ ಮನೆಯೊಳಗೆ ಇಪ್ಪತ್ತೇಳು. ಕಂಪ್ಯೂಟರು ನನ್ನ ನೆಂಟನೇನಲ್ಲ. ಕಂಡದ್ದನ್ನು ಬರೆದುಕೊಂಡಿತ್ತು, ಅಷ್ಟೆ.

ಕೊಟ್ರೇಶ ಎಂದರೆ ನಾನೇ. ಊರು ಕೊಟ್ಟೂರಿನ ಹತ್ತಿರ. ಕೆಲಸ ವೈಟ್‌ಫೀಲ್ಡಿನ ಒಂದು ಗೋದಾಮಿನಲ್ಲಿ, ರಾತ್ರಿ ಪಾಳಿಯ ಫೋರ್ಕ್‌ಲಿಫ್ಟ್ ಡ್ರೈವರ್. ಒಮ್ಮೆ ಮ್ಯಾನೇಜರ್ ಸಾಹೇಬರ ಕನ್ನಡಕವನ್ನು ಅವರ ಮೂಗಿನ ಮೇಲಿಂದ ಫೋರ್ಕ್‌ಲಿಫ್ಟಿನಲ್ಲೇ ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಟ್ಟಿದ್ದೇನೆ. ಅವರಿಗೆ ಎಚ್ಚರವೇ ಆಗಲಿಲ್ಲ. ಇರಲಿ, ಆ ಕಥೆ ಇಲ್ಲಿ ಬೇಡ.

ಹಿಂದಿನ ಬೇಸಿಗೆಯನ್ನು ನಾವು ರೈಲು ಹಳಿಯಾಚೆ ಒಂದು ತಗಡಿನ ಶೆಡ್ಡಿನಲ್ಲಿ ಕಳೆದಿದ್ದೆವು. ಅಲ್ಲಿಯ ಸೆಕೆ ಹೇಗಿತ್ತೆಂದರೆ, ಹಿಟ್ಟು ನಾದಿ ತಟ್ಟೆಯಲ್ಲಿಟ್ಟರೆ ಸಾಕು, ರೊಟ್ಟಿ ತಾನಾಗಿ ಬೆಂದು, ತಾನಾಗಿ ಮಗುಚಿಕೊಂಡು, ಚಟ್ನಿ ಎಲ್ಲಿ ಎಂದು ಕೇಳುತ್ತಿತ್ತು. ಆ ಶೆಡ್ಡಿನಲ್ಲೇ ಒಂದು ಮಧ್ಯಾಹ್ನ ನನ್ನ ಹೆಂಡತಿ ಶಿವಲಿಂಗಮ್ಮ ಒಲೆಯ ಮುಂದೆ ಕುಸಿದು ಬಿದ್ದಳು. ಆಗ ಅವಳು ಬಸುರಿ. ಮಗು ಉಳಿಯಲಿಲ್ಲ. ಇದೊಂದರಲ್ಲಿ ನಾನು ಅಳತೆ ಹೆಚ್ಚಿಸಿ ಹೇಳುವುದಿಲ್ಲ.

ಈ ವರ್ಷ ಮತ್ತೆ ಅವಳಿಗೆ ಐದು ತಿಂಗಳು ತುಂಬಿತ್ತು. ಏನೇ ಆಗಲಿ, ಆ ತಗಡಿನ ಕೆಳಗೆ ಇನ್ನೊಂದು ಬೇಸಿಗೆ ಬೇಡ ಎಂಬುದು ನಮ್ಮಿಬ್ಬರ ಹಟ.

ಅಷ್ಟರಲ್ಲಿ ವಿಶ್ವವಿದ್ಯಾಲಯದವರು ಶೆಡ್ಡುಗಳ ಕಡೆ ಬಂದರು. ಕಾರ್ಮಿಕರಿಗೆ ಕಟ್ಟಿಸುವ ಮನೆಗಳು ಹೇಗಿರಬೇಕು ಎಂದು ಸರ್ಕಾರ ಹೊಸ ನೀತಿ ಬರೆಯುತ್ತಿತ್ತಂತೆ. ಅದಕ್ಕೆ ಇವರು ಎರಡು ಬಗೆಯ ಮನೆಗಳನ್ನು ಅಕ್ಕಪಕ್ಕ ನಿಲ್ಲಿಸಿ, ಎರಡರಲ್ಲೂ ನಮ್ಮಂಥವರನ್ನು ಇರಿಸಿ, ಒಂದು ಬೇಸಿಗೆ ಪೂರ್ತಿ ಅಳೆದು ವರದಿ ಕೊಡಬೇಕು. ಒಂದು ಮನೆ ಸಿಮೆಂಟ್ ಬ್ಲಾಕಿನದು, ಎಲ್ಲರೂ ಕಟ್ಟುವಂಥದ್ದು. ಇನ್ನೊಂದರ ಗೋಡೆಗಳನ್ನು ಪೀಣ್ಯದ ಕಾರ್ಖಾನೆಯಲ್ಲಿ ಕಲ್ಲಿದ್ದಲು ಸುಟ್ಟು ಉಳಿದ ಹಾರುಬೂದಿ, ಒಣಹುಲ್ಲು ಬೆರೆಸಿ ಅಚ್ಚು ಹಾಕಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಇಳಿಸಿ ಜೋಡಿಸಿದರು. ಶಿವಲಿಂಗಮ್ಮ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗ ಅಲ್ಲಿ ಬಯಲಿತ್ತು. ಉಪ್ಪಿಟ್ಟು ಇಳಿಸುವಾಗ ಮನೆಯಿತ್ತು, ಬಾಗಿಲಿತ್ತು, ಬಾಗಿಲಿಗೆ ಚಿಲಕವೂ ಇತ್ತು.

ಚೀಟಿ ಎತ್ತಿದೆವು. ಅಚ್ಚಿನ ಮನೆ ನಮಗೆ ಬಂತು. ಬ್ಲಾಕಿನ ಮನೆ ಬಸಲಿಂಗನಿಗೆ ಹೋಯಿತು.

ಬಸಲಿಂಗ ಸಿಂಧನೂರು ಕಡೆಯವನು. ಅಪಾರ್ಟ್‌ಮೆಂಟ್ ಸೈಟುಗಳಲ್ಲಿ ಕಬ್ಬಿಣದ ಸರಳು ಕಟ್ಟುತ್ತಾನೆ. ಹೆಂಡತಿ ದೇವಕ್ಕ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕಸ ಗುಡಿಸಿ ನೆಲ ಒರೆಸುತ್ತಾಳೆ. ಬೆಳಗ್ಗೆ ಹೋದರೆ ಇಬ್ಬರೂ ಸಂಜೆಗೇ ಬರುವುದು. ಮೊದಲ ದಿನವೇ ಬಸಲಿಂಗ ನಮ್ಮ ಮನೆಗೆ ಬಂದು ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ಬಡಿದ. ಟೊಕ್ ಟೊಕ್ ಎಂದಿತು.

"ಟೊಳ್ಳು ಐತೆಲ್ಲೋ ಕೊಟ್ರ್ಯಾ! ಇದು ಗ್ವಾಡಿ ಅಲ್ಲಪಾ, ತಂಬೂರಿ. ಮಳಿ ಬಂದ್ರ ಭಜನಿ ಮಾಡ್ತದ."

"ನಿನ್ನ ತಲೀನೂ ಹಂಗ ಸಪ್ಪಳ ಮಾಡತೈತಿ ಬಸಲಿಂಗಣ್ಣ. ಅದರಾಗ ಇಷ್ಟು ವರ್ಷ ನೀನು ಬದುಕಿಲ್ಲೇನು?"

ಎರಡೂ ಮನೆಗಳನ್ನು ನೋಡಿಕೊಳ್ಳುತ್ತಿದ್ದವರು ನಿವೇದಿತಾ ಮೇಡಂ. ದಾವಣಗೆರೆ ಕಡೆಯ ಮನೆತನ, ಓದಿದ್ದು ಬೆಂಗಳೂರಿನಲ್ಲಿ, ಡಾಕ್ಟರೇಟಿಗೆ ಗೋಡೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಅವರು ನಮ್ಮನ್ನೆಲ್ಲ ಅಂಗಳದಲ್ಲಿ ಕೂರಿಸಿ, ಈ ಅಚ್ಚಿನ ಮನೆ ಹೊಗೆ ಕಡಿಮೆ ಮಾಡುವ ಮನೆ ಎಂದು ವಿವರಿಸಿದರು.

"ಮನಿ ಕಟ್ಟಿದ್ರ ಹೊಗಿ ಎಲ್ಲಿಂದ ಬರ್ತದ್ರೀ ಮೇಡಂ?" ಎಂದ ಬಸಲಿಂಗ. "ಸೈಟಿನಾಗ ಬೀಡಿ ಹೊಗಿ ಬಿಟ್ರ ನಾ ಬ್ಯಾರೆ ಕಂಡಿಲ್ಲ."

"ಸಿಮೆಂಟ್ ಮಾಡೋವಾಗ ಕಲ್ಲು ಸುಡ್ತಾರಲ್ಲ, ಆ ಹೊಗೆ. ಈ ಗೋಡೆಗೆ ಸಿಮೆಂಟ್ ಕಡಿಮೆ, ಹಾಗಾಗಿ ಹೊಗೇನೂ ಕಡಿಮೆ. ಆದ್ರೆ ಒಳಗಿರೋರು ಬೆಂದುಹೋದ್ರೆ ಏನು ಪ್ರಯೋಜನ? ಅದನ್ನೇ ನಾವು ನೋಡ್ಬೇಕಾಗಿರೋದು. ಬೇಸಿಗೆ ಮುಗಿದ್ಮೇಲೆ ಕಮಿಟಿಯವ್ರು ಬಂದು ಒಂದು ಮನೇನ ಆರಿಸ್ತಾರೆ. ಅದು ಮಾದರಿ ಮನೆ ಅಂತ ಇಲ್ಲೇ ಉಳಿಯುತ್ತೆ, ಒಳಗಿರೋರೇ ಇದ್ದು ನೋಡ್ಕೋಬಹುದು. ಇನ್ನೊಂದನ್ನ ಬಿಚ್ಚಿ ತಗೊಂಡು ಹೋಗ್ತೀವಿ."

ಇನ್ನೊಂದನ್ನು ಬಿಚ್ಚುತ್ತಾರೆ. ನಾನೂ ಬಸಲಿಂಗನೂ ಒಂದೇ ಸಲ ತಿರುಗಿ ಒಬ್ಬರನ್ನೊಬ್ಬರು ನೋಡಿದೆವು. ಶಿವಲಿಂಗಮ್ಮ ನನ್ನನ್ನು ನೋಡಲಿಲ್ಲ. ರೈಲು ಹಳಿಯ ಕಡೆ ನೋಡಿದಳು.

ಆಮೇಲೆ ಮೇಡಂ ಎರಡೂ ಮನೆಗಳ ಗೋಡೆಗೆ ಒಂದೊಂದು ಬಿಳಿ ಪೆಟ್ಟಿಗೆ ಹೊಡೆಸಿದರು. ಸೋಪಿನ ಡಬ್ಬಿಯಷ್ಟು ದೊಡ್ಡದು, ಮೂಲೆಯಲ್ಲಿ ಕೆಂಪು ದೀಪ. ಅದು ಒಳಗಿನ ಸೆಕೆಯನ್ನು ಅಳೆಯುತ್ತದಂತೆ, ಇನ್ನೂ ಒಂದೆರಡು ವಿಷಯ ಬರೆದುಕೊಳ್ಳುತ್ತದಂತೆ. ನಾನು ದೀಪವನ್ನೇ ನೋಡುತ್ತಿದ್ದುದರಿಂದ ಉಳಿದದ್ದನ್ನು ಕೇಳಿಸಿಕೊಳ್ಳಲಿಲ್ಲ. ದೀಪ ಕಣ್ಣು ಮಿಟುಕಿಸುತ್ತಿತ್ತು. ಸೆಕೆ ಅಳೆಯುವುದಕ್ಕೆ ಕಣ್ಣು ಮಿಟುಕಿಸುವುದೇಕೆ?

ಅನುಮಾನಕ್ಕೆ ನೀರೆರೆದವನು ಆ ಜಾಗದ ಕಾವಲುಗಾರ ಚಿಕ್ಕಬೈರಪ್ಪ. ಕಾಡುಗೋಡಿಯಲ್ಲೇ ಹುಟ್ಟಿ ಬೆಳೆದವನು. ಊರಿಗೆ ಬಂದ ಪ್ರತಿಯೊಂದು ಕಂಪನಿಯನ್ನೂ ಗೇಟಿನ ಹೊರಗಿನಿಂದ ನೋಡಿದ್ದವನು, ಯಾವುದನ್ನೂ ನಂಬಿರಲಿಲ್ಲ.

"ಅದು ಮನೆ ಅಲ್ಲ ಕಣ್ಲಾ, ಬೋನು," ಎಂದ ಅವನು ಬೇಲಿಗೆ ಒರಗಿ. "ಇಲಿ ಬೋನಿಗೆ ಕೊಬ್ರಿ ಇಕ್ತಾರಲ್ಲ, ಅಂಗೆ ನಿಂಗೆ ನಲ್ಲಿ ಇಕ್ಕವ್ರೆ. ಬಾಡ್ಗೆ ಇಲ್ದೆ ಯಾವನ್ಲಾ ಮನೆ ಕೊಡ್ತಾನೆ ಬೆಂಗ್ಳೂರಾಗೆ? ಆ ಡಬ್ಬಿಯೊಳ್ಗೆ ಕ್ಯಾಮೆರಾ ಐತೆ. ನೀ ಉಣ್ಣೋದು, ಮಲ್ಗೋದು, ಎಂಡ್ತಿ ಕೈಲಿ ಬೈಸ್ಕೊಳ್ಳೋದು, ಎಲ್ಲಾ ಇದಾನಸೌದದಾಗೆ ಟಿವೀಲಿ ಬತ್ತೈತೆ."

ಶಿವಲಿಂಗಮ್ಮ ಅಂದಿನಿಂದ ಪೆಟ್ಟಿಗೆಯ ಎದುರು ಸೆರಗು ಸರಿಮಾಡಿಕೊಂಡೇ ಓಡಾಡಿದಳು. ನಾನು ಮಾತ್ರ ಒಂದು ದಿನ ಅದರ ಮುಂದೆ ನಿಂತು ತಲೆ ಬಾಚಿಕೊಂಡೆ. ನೋಡುವುದಾದರೆ ಚೆನ್ನಾಗಿರುವುದನ್ನೇ ನೋಡಲಿ.

ಎರಡನೇ ವಾರ ಮೇಡಂ ಬಂದು, ಪೆಟ್ಟಿಗೆಗಳಿಗೆ ವೈರು ಚುಚ್ಚಿ ಲ್ಯಾಪ್‌ಟಾಪಿನಲ್ಲಿ ನೋಡಿದರು. ಬಾಯಿ ತಪ್ಪಿ ಒಂದು ಮಾತು ಹೇಳಿಬಿಟ್ಟರು: "ಮಧ್ಯಾಹ್ನ ಹೊತ್ತು ಬಸಲಿಂಗ ಅವ್ರ ಮನೇನೇ ತಂಪು. ನಾಲ್ಕು ಡಿಗ್ರಿ ವ್ಯತ್ಯಾಸ."

ನಾಲ್ಕು ಡಿಗ್ರಿ! ಇಬ್ಬರ ಮನೆಯ ಅಳತೆ ಒಂದೇ, ಕಿಟಕಿ ಒಂದೇ, ಚಾವಣಿ ಒಂದೇ, ಮೇಲಿನ ಸೂರ್ಯನೂ ಒಬ್ಬನೇ. ಬಸಲಿಂಗ ಏನೋ ಮಾಡುತ್ತಿದ್ದಾನೆ. ಅಂದಿನಿಂದ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಒಂದು ಸಂಜೆ ಸೈಟಿನಿಂದ ಬರುವಾಗ ಅವನ ಕಂಕುಳಲ್ಲಿ ಗೋಣಿಚೀಲ ಇತ್ತು. ಹೊಸ ಕಾಂಕ್ರೀಟು ಒಣಗಿ ಬಿರುಕು ಬಿಡದಿರಲೆಂದು ಕಂಬಗಳಿಗೆ ಒದ್ದೆ ಗೋಣಿ ಸುತ್ತುವ ಜನ ಅವರು. ಕಂಬಕ್ಕೆ ಸುತ್ತುವವರು ಪೆಟ್ಟಿಗೆಗೆ ಸುತ್ತದೆ ಬಿಟ್ಟಾರೆಯೇ?

ಸಾಕ್ಷಿ ಬೇಕಿತ್ತು. ಅದಕ್ಕೆ ದಾರಿ ನಮ್ಮ ಮನೆಯ ಗೂಟದ ಮೇಲೇ ನೇತಾಡುತ್ತಿತ್ತು. ನಮ್ಮ ಕಡೆ ನಲ್ಲಿ ನೀರು ಬಿಡುವುದು ನಡುಮಧ್ಯಾಹ್ನ. ಕೆಲಸಕ್ಕೆ ಹೋಗುವ ಹೆಂಗಸರು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿರುವವಳಿಗೆ ಕೊಟ್ಟು ಹೋಗುತ್ತಾರೆ, ಅವಳು ಇವರ ಕೊಡಗಳನ್ನೂ ತುಂಬಿಸಿಡುತ್ತಾಳೆ. ಗಂಡಸರು ಮಾತು ಬಿಟ್ಟರೂ ಬೀಗದ ಕೈ ಓಡಾಡುವುದು ನಿಲ್ಲುವುದಿಲ್ಲ. ನಾನು ರಾತ್ರಿ ಪಾಳಿಯವನು, ಹಗಲು ಮನೆಯಲ್ಲೇ ಇರುತ್ತಿದ್ದೆ. ಒಂದು ಮಧ್ಯಾಹ್ನ ಬೀಗದ ಕೈ ತೆಗೆದುಕೊಂಡು ಬಸಲಿಂಗನ ಮನೆ ಹೊಕ್ಕೆ.

ಗೋಣಿಚೀಲ ಬಾಗಿಲ ಬಳಿ ಕಾಲೊರೆಸುವ ಬಟ್ಟೆಯಾಗಿ ಬಿದ್ದಿತ್ತು. ಮುಟ್ಟಿ ನೋಡಿದೆ, ಒಣಗಿತ್ತು. ಅನುಮಾನ ಇನ್ನೂ ಹೆಚ್ಚಾಯಿತು. ಅಷ್ಟು ಅಮಾಯಕವಾಗಿ ಕಾಣುವ ಗೋಣಿಚೀಲವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಪೆಟ್ಟಿಗೆ ಒಣಗಿತ್ತು, ಗೋಡೆ ಒಣಗಿತ್ತು, ನೆಲವೂ ಒಣಗಿತ್ತು. ಆದರೂ ಮನೆ ತಂಪಾಗಿತ್ತು. ಇಂಥ ಪಕ್ಕಾ ಕಳ್ಳನನ್ನು ಒಂದೇ ದಿನದಲ್ಲಿ ಹಿಡಿಯಲಾಗುವುದಿಲ್ಲ. ಹಾಗಾಗಿ ದಿನವೂ ಹೋಗಿ ಅವನ ಮನೆಯಲ್ಲಿ ಹೊಂಚು ಹಾಕಿದೆ. ಪತ್ತೇದಾರಿಕೆ ಸುಲಭದ ಕೆಲಸವಲ್ಲ. ನೆಲದ ಮೇಲೆ ಚಾಪೆ ಹಾಸಿ, ಕಣ್ಣು ಮುಚ್ಚಿ, ಗೊರಕೆಯಂಥ ಸದ್ದು ಮಾಡುತ್ತ ಗಂಟೆಗಟ್ಟಲೆ ಕಾಯಬೇಕು. ಕಳ್ಳನಿಗೆ ಅನುಮಾನ ಬರಬಾರದು ನೋಡಿ.

ಅದೇ ವಾರದಿಂದ ನಮ್ಮ ಮನೆಯೊಳಗಿನ ಬಿಸಿಲು ಇಳಿಯತೊಡಗಿತು. ಹೇಗೆ ಎಂಬುದು ನನಗೂ ಸೂರ್ಯನಿಗೂ ಸಂಬಂಧಪಟ್ಟದ್ದು.

ಮುಂದಿನ ಸಲ ಲ್ಯಾಪ್‌ಟಾಪು ತೆರೆದ ಮೇಡಂ ಬೆರಳಿನಿಂದ ತೆರೆಯನ್ನು ಒರೆಸಿ ಮತ್ತೆ ನೋಡಿದರು.

"ಕೊಟ್ರೇಶ್ ಅವ್ರೆ, ಕೂಲರ್ ಏನಾದ್ರೂ ತಂದಿದ್ದೀರಾ?"

"ಇಲ್ರೀ ಮೇಡಂ. ನಮ್ಮ ವಂಶದಾಗ ಎಲ್ಲಾರ ಮೈಯೂ ತಂಪು. ನಮ್ಮಜ್ಜ ಕೂತು ಎದ್ದ ಬಾವಿಕಟ್ಟಿ ಮ್ಯಾಲೆ ಮಂಜು ಕಟ್ತಿತ್ತು. ಊರ ಮಂದಿ ಬಂದು ಕೆರಕೊಂಡು ಪಾನಕಕ್ಕ ಹಾಕ್ಕೊಳ್ಳೋರು."

"ಹೌದಾ?" ಮೇಡಂ ನಗಲಿಲ್ಲ. "ಬರೀ ತಂಪಲ್ಲ ಇವ್ರೆ. ತೇವಾನೂ ತೋರಿಸ್ತಾ ಇದೆ. ಏಪ್ರಿಲ್ ತಿಂಗಳಲ್ಲಿ ನಿಮ್ಮನೆ ಒಳಗೆ ಮಾತ್ರ ಜಡಿಮಳೆ. ಅದೂ ಹನ್ನೆರಡು ಗಂಟೆಯಿಂದ ನಾಲ್ಕು ಗಂಟೆವರೆಗೆ."

ನಾನು ಚಾವಣಿಯ ಕಡೆ ನೋಡಿದೆ. ಅವರೂ ನೋಡಿದರು. ಆಮೇಲೆ ಲ್ಯಾಪ್‌ಟಾಪನ್ನು ನಿಧಾನಕ್ಕೆ ಮುಚ್ಚಿ ಹೊರಟುಹೋದರು. ಬೈದು ಹೋಗಿದ್ದರೆ ಒಳ್ಳೆಯದಿತ್ತು.

ಆ ಸಂಜೆ ಸುದ್ದಿ ತಿಳಿದು ಬಸಲಿಂಗ ಅಂಗಳದಲ್ಲೇ ನನ್ನನ್ನು ತಡೆದ. "ಏನ್ ಮಾಡ್ಲಕತ್ತಿಯೋ ಮಗನ? ಒಂಬತ್ತು ಡಿಗ್ರಿ ಅಂತ! ಮನ್ಯಾಗ ಎಮ್ಮಿ ಕಟ್ಟಿಯೇನು ಕೆಸರು ಮಾಡಿ?"

"ಸತ್ಯವಂತರ ಮನಿ ತಂಪಿರತೈತಿ ಬಸಲಿಂಗಣ್ಣ."

"ಹಂಗಾದ್ರ ನಿನ್ನ ಮನಿ ಉರಿದು ಬೂದಿ ಆಗಬೇಕಿತ್ತು."

"ನೀನು ಮಾಡಿದ್ದನ್ನ ಮೊದಲು ಹೇಳು. ನಾಲ್ಕು ಡಿಗ್ರಿ ಎಲ್ಲಿಂದ ತಂದಿ?"

"ನಾ ಏನು ಮಾಡೀನೋ? ಮುಂಜಾನಿ ಹೋಗಿ ಸಂಜಿಗೆ ಬರ್ತೀನಿ. ನನ್ನ ಮನ್ಯಾಗ ಹಗಲು ಯಾರೂ ಇರಂಗಿಲ್ಲ, ಆದ್ರೂ ಚಾಪಿ ಜಾಗ ಬದಲಾಗಿರತೈತಿ. ಅದನ್ನ ಯಾರನ್ನ ಕೇಳಲಿ?"

ಬಾಗಿಲಲ್ಲಿ ನಿಂತಿದ್ದ ದೇವಕ್ಕ ಮತ್ತು ಶಿವಲಿಂಗಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಸರಿದರು. ಅದೂ ಅನುಮಾನಕ್ಕೆ ಎಡೆಮಾಡುವಂತಿತ್ತು. ಆಗ ನಾನು ಗಮನಿಸಲಿಲ್ಲ.

ಕಮಿಟಿಯವರು ಬೇಸಿಗೆ ಮುಗಿಯುವ ಮೊದಲೇ, ಬರುವ ಗುರುವಾರವೇ ಬರುತ್ತಾರೆಂದು ತಿಳಿಯಿತು. ಒಂಬತ್ತು ಡಿಗ್ರಿಯ ಬಲದ ಮೇಲೆ ಆ ಮನೆ ನಮ್ಮದೇ ಎಂದು ನಾನು ಧೈರ್ಯವಾಗಿದ್ದೆ. ಮಂಗಳವಾರ ಮಧ್ಯಾಹ್ನ ಎಂದಿನಂತೆ ಬಸಲಿಂಗನ ಮನೆಯಲ್ಲಿ ಕಣ್ಣು ಮುಚ್ಚಿ ಹೊಂಚು ಹಾಕಿದ್ದೆ. ಹೊಂಚು ಬಹಳ ಗಾಢವಾಗಿತ್ತು. ಯಾರೋ ಹೆಸರು ಹಿಡಿದು ಕರೆದಂತಾಗಿ ಕಣ್ಣು ಬಿಟ್ಟರೆ, ತಲೆಯ ಹತ್ತಿರ ನಿವೇದಿತಾ ಮೇಡಂ ನಿಂತಿದ್ದರು. ಕೈಯಲ್ಲಿ ಒಂದು ಟವೆಲ್ಲು. ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಚಿಕ್ಕಬೈರಪ್ಪ, ಮದುವೆಗೆ ಬಂದವನಷ್ಟು ಖುಷಿಯಾಗಿ. ಮೂಲೆಯಲ್ಲಿ ಗೋಡೆಗೆ ಒರಗಿ ಶಿವಲಿಂಗಮ್ಮ ಮೊರದಲ್ಲಿ ಅಕ್ಕಿ ಹಿಡಿದು ಕುಳಿತಿದ್ದಳು. ತಲೆ ತಗ್ಗಿಸಿ, ಇಲ್ಲದ ಕಲ್ಲು ಹುಡುಕುತ್ತಿದ್ದಳು.

"ನಿಮ್ಮನೆಗೆ ಬೀಗ ಇತ್ತು," ಎಂದರು ಮೇಡಂ. "ನನ್ನ ಹತ್ರ ಇನ್ನೊಂದು ಕೀ ಇದೆ. ಪೆಟ್ಟಿಗೆ ಮೇಲೆ ಇದನ್ನ ಹೊದಿಸಿದ್ರಿ, ಟವೆಲ್ ತುದೀನ ಬಕೆಟ್ ನೀರಲ್ಲಿ ಇಳಿಬಿಟ್ಟಿದ್ರಿ."

"ಒಣಗಾಕ ಹಾಕಿದ್ದೆ ಮೇಡಂ."

"ಬಕೆಟ್ಟಲ್ಲಿ?"

"ನಮ್ಮ ಕಡೆ ಹಂಗ ಒಣಗಸ್ತೀವ್ರೀ."

ಚಿಕ್ಕಬೈರಪ್ಪ ಬಾಯಿಗೆ ತನ್ನ ಹೆಗಲ ವಸ್ತ್ರ ಅಡ್ಡ ಹಿಡಿದ. ಮೇಡಂ ನನ್ನ ಚಾಪೆಯನ್ನು ನೋಡಿದರು. "ಮತ್ತೆ ಇಲ್ಲೇನು ಮಾಡ್ತಾ ಇದ್ದೀರ?"

"ಕಾವಲು ಮೇಡಂ. ಹಗಲು ಕಳ್ಳರು ಜಾಸ್ತಿ ಆಗ್ಯಾರ. ನಿನ್ನೆ ಏಳು ಮಂದಿನ ಓಡಿಸೀನಿ."

"ಏಯ್, ಗೇಟಾಗೆ ನಾ ಕುಂತಿವ್ನಿ ಕಣ್ಲಾ," ಎಂದ ಚಿಕ್ಕಬೈರಪ್ಪ. "ಒಂದ್ ನಾಯಿ ಕೂಡ ಬಂದಿಲ್ಲ."

ಮೇಡಂ ಸಿಟ್ಟಾಗುತ್ತಾರೆಂದು ಕಾದೆ. ಅವರು ಬಾಗಿಲ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು.

"ಒಂಬತ್ತು ಡಿಗ್ರಿ ಅಂತ ನಾನು ವರದೀಲಿ ಬರೆದಿದ್ರೆ ಏನಾಗ್ತಿತ್ತು ಗೊತ್ತಾ? ಸರ್ಕಾರ ಇದೇ ಗೋಡೆ ಇಟ್ಟು ಸಾಲು ಸಾಲು ಮನೆ ಕಟ್ಟಿಸ್ತಿತ್ತು. ಪೀಣ್ಯದಲ್ಲಿ, ಎಲೆಕ್ಟ್ರಾನಿಕ್ ಸಿಟೀಲಿ, ಎಲ್ಲಾ ಕಡೆ. ಆ ಮನೆಗಳಲ್ಲೂ ಇವ್ರ ಥರ ಬಸುರಿ ಹೆಂಗಸರು ಇರ್ತಾರೆ ಕೊಟ್ರೇಶ್ ಅವ್ರೆ. ಮಧ್ಯಾಹ್ನ ಎದ್ದು ಹೋಗೋಕೆ ಅವ್ರ ಪಕ್ಕದಲ್ಲಿ ಬಸಲಿಂಗ ಅವ್ರ ಮನೆ ಇರಲ್ಲ."

ಶಿವಲಿಂಗಮ್ಮನ ಕೈ ಮೊರದ ಮೇಲೆ ನಿಂತಿತು.

ನಾನು ಎದ್ದು ಚಾಪೆ ಸುತ್ತತೊಡಗಿದೆ. ಮೇಡಂ ಎದ್ದರು. "ಗುರುವಾರ ಸಾಹೇಬರು ಬರ್ತಾರೆ. ಒಂಬತ್ತು ಡಿಗ್ರಿ ಸುಳ್ಳು ಅಂತ ನಾನು ಹೇಳೇ ಹೇಳ್ತೀನಿ. ಆದ್ರೆ ನೀವಿಬ್ರೂ ಮನೇಲಿ ನಿಜವಾಗಿ ಹೇಗಿದ್ರಿ ಅಂತ ನನಗೆ ಗೊತ್ತಿಲ್ಲ. ಅದು ನಿಮಗೆ ಮಾತ್ರ ಗೊತ್ತು. ಯೋಚ್ನೆ ಮಾಡಿ."

ಇದೂ ಬೋನೇ ಎಂದುಕೊಂಡೆ. ನಿಜ ಹೇಳಿದರೆ ಮನೆ ಬಿಚ್ಚುತ್ತಾರೆ, ಸುಳ್ಳು ಹೇಳಿದರೂ ಬಿಚ್ಚುತ್ತಾರೆ. ಓದಿದವರ ಬೋನಿಗೆ ಎರಡು ಬಾಗಿಲು, ಎರಡೂ ಒಳಕ್ಕೇ ತೆರೆಯುವಂಥವು.

ಸಂಜೆ ಬಸಲಿಂಗ ಬಂದ. ಅಷ್ಟರಲ್ಲಿ ಚಿಕ್ಕಬೈರಪ್ಪ ಗೇಟಿನಲ್ಲೇ ಅವನಿಗೆ ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದ್ದ. ನಾನು ಜಗಳಕ್ಕೆ ತೋಳೇರಿಸಿ ನಿಂತೆ. ಬಸಲಿಂಗ ಜಗಳಕ್ಕೆ ಬರಲಿಲ್ಲ. ತಲೆ ಕೆರೆದುಕೊಂಡ.

"ಹಂಗಾದ್ರ ಚಾಪಿ ಸರಿಸಾಂವ ನೀನ?"

"ನಾನ."

"ನಾ ದೆವ್ವ ಅಂತ ತಿಳದು ನಿಂಬಿಹಣ್ಣು ಕಟ್ಟಿದ್ನೆಲ್ಲೋ!"

ದೇವಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಶಿವಲಿಂಗಮ್ಮನೂ ನಕ್ಕಳು. ನಗುವ ಭರದಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಬಸುರಿ ಹೆಂಗಸು ಒಬ್ಬಳೇ ಮಲಗಬಾರದೆಂದು, ನಾನು ರಾತ್ರಿ ಪಾಳಿಗೆ ಹೋದ ಮೇಲೆ ದೇವಕ್ಕ ನಮ್ಮ ಮನೆಗೆ ಮಲಗಲು ಬರುತ್ತಿದ್ದುದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ, ಬಸಲಿಂಗನೂ ಕಂಬಳಿ ಹೊತ್ತುಕೊಂಡು ಬಂದು ನಮ್ಮ ಹೊರಕೋಣೆಯಲ್ಲಿ ಮಲಗುತ್ತಿದ್ದ.

"ನನ್ನ ಮನ್ಯಾಗ ರಾತ್ರಿ ಇರಾಕ ಆಗಂಗಿಲ್ಲೋ ತಮ್ಮ," ಎಂದ ಬಸಲಿಂಗ. "ಹಗಲೆಲ್ಲ ಕುಡದ ಬಿಸಲು ಆ ಗ್ವಾಡಿ ರಾತ್ರಿ ಕಾರತೈತಿ. ಕೈ ಇಟ್ರ ಹಂಚಿನ್ಹಂಗ ಸುಡತೈತಿ. ನಿನ್ನ ತಂಬೂರಿ ಮನಿ ಹೊತ್ತು ಮುಳುಗಿದ್ದ ತಡ ತಣ್ಣಗಾಗತೈತಿ. ನಿದ್ದಿ ಅಂದ್ರ ಅದು ನಿದ್ದಿ."

"ನನ್ನ ಮನ್ಯಾಗ ನನಗ ಗೊತ್ತಿಲ್ದಂಗ?"

"ನನ್ನ ಮನ್ಯಾಗ ನನಗ ಗೊತ್ತಿಲ್ದಂಗ ನೀ ಮಲಗಿಲ್ಲೇನು?"

"ನಮಗ ಎರಡೂ ಗೊತ್ತಿತ್ತು ಬಿಡ್ರಿ," ಎಂದಳು ಶಿವಲಿಂಗಮ್ಮ. "ನಿಮಗ ಹೇಳಿದ್ರ ಗಂಡಸರು ಇಬ್ರೂ ಬೀಗ ಹಾಕಿ ಕುಂದರ್ತಿದ್ರಿ. ನಮಗ ಹಗಲೂ ಇಲ್ಲ, ರಾತ್ರೀನೂ ಇಲ್ಲ."

ಗುರುವಾರ ಬೆಳಗ್ಗೆ ಕಮಿಟಿಯ ಸಾಹೇಬರು ಬಂದರು. ಕನ್ನಡಕ, ಬಿಳಿ ಅಂಗಿ, ಯಾವುದನ್ನೂ ಸುಲಭವಾಗಿ ನಂಬದ ಮುಖ. ಗೋಡೆಯನ್ನು ಬೆರಳಿನಿಂದ ಬಡಿದರು. ಟೊಕ್ ಟೊಕ್. ಮೇಡಂ ಕಾಗದಗಳನ್ನು ತೋರಿಸಿದರು. ಆಮೇಲೆ ಹೆಂಗಸರ ಕಡೆ ತಿರುಗಿ, "ನೀವೇ ಹೇಳಿ," ಎಂದರು. ದೇವಕ್ಕ ಒಂದೇ ಉಸಿರಿಗೆ ಹೇಳಿದಳು: ಹಗಲು ಇವ್ರು ನಮ್ಮ ಮನ್ಯಾಗ, ರಾತ್ರಿ ನಾವು ಇವ್ರ ಮನ್ಯಾಗ. ಸಾಹೇಬರು ಕನ್ನಡಕ ತೆಗೆದರು.

"ನಾವು ಯಾವ ಮನೆ ಅಂತ ಕೇಳಿದ್ವಿ," ಎಂದರು ಮೇಡಂ. "ಇವ್ರು ಯಾವ ಹೊತ್ತಿಗೆ ಅಂತ ಉತ್ತರ ಕೊಡ್ತಾ ಇದ್ದಾರೆ ಸಾರ್. ಒಂದೇ ಮನೇಲಿ ಪಡುವಣ ಗೋಡೆ ದಪ್ಪ ಇಟ್ಟು, ಮಲಗೋ ಕೋಣೆಗೆ ಈ ಹಗುರ ಗೋಡೆ ಇಟ್ರೆ ಹೇಗೆ ಅಂತ ನೋಡ್ಬೇಕು. ಅದಕ್ಕೆ ಇನ್ನೊಂದು ಬೇಸಿಗೆ ಬೇಕು. ಎರಡೂ ಮನೆ ಹೀಗೇ ಇರ್ಬೇಕು, ಜನಾನೂ ಇವ್ರೇ ಇರ್ಬೇಕು."

ಎರಡೂ ಮನೆ. ಶಿವಲಿಂಗಮ್ಮ ಬಾಗಿಲ ಚಿಲಕವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸಾಹೇಬರು ಒಪ್ಪಲಿಲ್ಲ. ಕಾಗದದ ಮೇಲೆ ಬೆರಳಿಟ್ಟರು. "ಇದೇನ್ರೀ ಮತ್ತೆ, ಒಂಬತ್ತು ಡಿಗ್ರಿ? ನೀವು ತಪ್ಪು ಅಂತೀರಿ. ಹೇಗೆ ತಪ್ಪಾಯ್ತು? ಇದೇ ಸುಳ್ಳಾದ್ರೆ ಈ ಹಗಲು ರಾತ್ರಿ ಕಥೇನ ನಾನು ಹೇಗೆ ನಂಬಲಿ? ಯಾರ್ರೀ ಕೊಟ್ರೇಶ ಅಂದ್ರೆ?"

ಎಲ್ಲರೂ ನನ್ನತ್ತ ತಿರುಗಿದರು. ಅಷ್ಟು ಜನ ಒಟ್ಟಿಗೆ ನನ್ನ ಮಾತಿಗೆ ಕಾದದ್ದು ಅದೇ ಮೊದಲು. ಅಂಥ ಹೊತ್ತು ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ನಾನ ಸಾರ್," ಎಂದು ಎದೆಯುಬ್ಬಿಸಿದೆ. "ಅದು ಏನಾತಂದ್ರ, ನಮ್ಮ ವಂಶದಾಗ ಎಲ್ಲಾರ ಮೈಯೂ ತಂಪು. ನಮ್ಮಜ್ಜ ಬಾವಿಕಟ್ಟಿ ಮ್ಯಾಲೆ..."

"ರೀ," ಎಂದಳು ಶಿವಲಿಂಗಮ್ಮ.

ಜೋರಾಗಿಯೇನೂ ಹೇಳಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದು ಇನ್ನೂ ಚಿಲಕದ ಮೇಲೆ. ಅಜ್ಜ ಬಾವಿಕಟ್ಟೆಯಿಂದ ತಾನಾಗಿ ಎದ್ದುಹೋದ.

"ಸುಳ್ಳು ಸಾರ್," ಎಂದೆ. "ನಮ್ಮಜ್ಜನ ಮೈ ಎಲ್ಲಾರಂಗ ಬೆಚ್ಚಗ ಇತ್ತು. ಈ ಮನಿ ಕಳಕೊಂಡ್ರ ತಿರುಗಿ ತಗಡಿನ ಶೆಡ್ಡಿಗೆ ಹೋಗಬೇಕು ಅಂತ ಹೆದರಿಕೆ ಆಗಿತ್ತು. ಒಂದು ಮಧ್ಯಾಹ್ನ ಒಲಿ ಮುಂದ ಇಕಿಗೆ ಕಣ್ಣು ಕತ್ತಲು ಬಂತು. ಹೋದ ವರ್ಷದಂಗ. ಬಸಲಿಂಗಣ್ಣನ ಬೀಗದ ಕೈ ಗೂಟದ ಮ್ಯಾಲೆ ಇತ್ತು, ಎಬ್ಬಿಸಿಕೊಂಡು ಅಲ್ಲಿಗೆ ಕರಕೊಂಡು ಹೋದೆ. ಅಲ್ಲಿ ತಂಪಿತ್ತು, ಇಕಿ ಮಲಗಿದ್ಲು. ಗೋಣಿಚೀಲ, ಪತ್ತೇದಾರಿ, ಅವೆಲ್ಲ ನಾನು ಆಮ್ಯಾಲೆ ಕಟ್ಟಿದ್ದು. ಬಿಸಲನ್ನ ನಾನು ಒಂದು ಕೂದಲಷ್ಟೂ ಇಳಿಸಿಲ್ಲ ಸಾರ್. ಪೆಟಿಗಿಗೆ ಒದ್ದಿ ಟವೆಲ್ಲು ಹೊದಿಸಿ, ಹೆಂಡ್ತೀನ ಕರಕೊಂಡು, ದಿನಾ ಮಧ್ಯಾಹ್ನ ಪಕ್ಕದ ಮನ್ಯಾಗ ಹೋಗಿ ಮಲಗ್ತಿದ್ದೆ."